ಒಂದು ಮಿಲಿಮೀಟರ್ ಕಡಿಮೆ

ಆಟಿಕೆ ಕಾರ್ಖಾನೆಯ ಅಚ್ಚಿನ ವಿಭಾಗದಲ್ಲಿ ಇಪ್ಪತ್ತಾರು ವರ್ಷ ದುಡಿದದ್ದರಿಂದ ಆಕೆಯನ್ನು ಎಲ್ಲರೂ ಅಚ್ಚಿನಮ್ಮ ಎನ್ನುತ್ತಿದ್ದರು. ಕಾರ್ಖಾನೆ ಮುಚ್ಚಿ ಎಷ್ಟೋ ಕಾಲವಾಗಿದೆ. ಈಗ ಹಳೆಯ ಗೊಂಬೆ ಸಂಗ್ರಹಿಸುವವರು ಅಸಲಿ ಯಾವುದು, ನಕಲಿ ಯಾವುದು ಎಂದು ಕೇಳಿಕೊಂಡು ಆಕೆಯ ಮನೆಗೇ ಬರುತ್ತಾರೆ.

ಆ ದಿನ ಬಂದವರು ಅಣ್ಣ ತಂಗಿ. ಅಣ್ಣ ಕುರ್ಚಿಯಲ್ಲಿ ಕೂರುವ ಮೊದಲೇ ಬೆಲೆ ವಿಚಾರಿಸಿದ. ತಂಗಿ ಕರವಸ್ತ್ರ ಬಿಚ್ಚಿ, ಕೈಕಾಲು ಮಡಚುವ ಯೋಧನ ಗೊಂಬೆಯೊಂದನ್ನು ಮೇಜಿನ ಮೇಲಿಟ್ಟಳು.

"ನಮ್ಮಪ್ಪ ನಿಮ್ಮ ಕಾರ್ಖಾನೆಯಲ್ಲೇ ಎರಕ ಹೊಯ್ತಿದ್ರು," ಎಂದಳು. "ಈ ಯೋಧನ ಮೊದಲ ಮಾದರಿ, ಗೊಂಬೆ ಅಂಗಡಿಗೆ ಬರೋ ಮುಂಚೆನೇ ಕಳುವಾಯ್ತು. ಅಪ್ಪನ ಮೇಲೆ ಹಾಕಿ ಕೆಲಸದಿಂದ ತೆಗೆದ್ರು. ನಾನಲ್ಲ ಅಂತ ಸಾಯೋವರೆಗೂ ಹೇಳ್ತಿದ್ರು. ಹೋದ ವಾರ ಅವರ ಪೆಟ್ಟಿಗೆ ತಳದಲ್ಲಿ ಇದು ಸಿಕ್ತು."

"ನಾನು ಸೇರೋ ಮುಂಚಿನ ಮಾತು ಅದು. ಕೇಳಿದೀನಿ," ಎಂದಳು ಅಚ್ಚಿನಮ್ಮ.

"ಅಸಲಿಯಾದ್ರೆ ಮಾರಿದ ದುಡ್ಡಲ್ಲಿ ಒಂದು ಕಾರು ಬರುತ್ತಂತೆ," ಎಂದ ಅಣ್ಣ.

"ಅಪ್ಪ ಕಳ್ಳ ಅಂತಾದ್ರೂ ಪರವಾಗಿಲ್ಲ, ಕಾರು ಬಂದ್ರೆ ಸಾಕು ನಿಂಗೆ."

"ಸತ್ತೋರಿಗೆ ಏನು ಹೋಗುತ್ತೆ ಹೇಳು."

ಅವರನ್ನು ಜಗಳಕ್ಕೆ ಬಿಟ್ಟು ಅಚ್ಚಿನಮ್ಮ ಗೊಂಬೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಬಣ್ಣ ಹಚ್ಚಿರಲಿಲ್ಲ. ಕಂಕುಳಲ್ಲಿ ಅರ ಉಜ್ಜಿದ ಗೆರೆಗಳು. ಮೊದಲ ಮಾದರಿಗಳು ಹೀಗೇ ಇರುತ್ತವೆ. ತಂಗಿ ಆಕೆಯ ಮುಖ ನೋಡುತ್ತಲೇ ಕರವಸ್ತ್ರವನ್ನು ಮತ್ತೆ ಮಡಚತೊಡಗಿದಳು.

ಆದರೆ ಕೈ ಪಳಗಿದ ಯಾರಾದರೂ ಇಷ್ಟನ್ನು ಮಾಡಬಲ್ಲರು. ಅಚ್ಚಿನಮ್ಮ ಡ್ರಾಯರಿನಿಂದ ಇದೇ ಯೋಧನ ಅಂಗಡಿ ಗೊಂಬೆಯನ್ನೂ ಅಳತೆಯ ಕ್ಯಾಲಿಪರನ್ನೂ ತೆಗೆದು ಎರಡನ್ನೂ ಅಳೆದಳು.

"ಅಂಗಡಿದು ನೂರು ಮಿಲಿಮೀಟರ್. ನಿಮ್ಮದು ತೊಂಬತ್ತೊಂಬತ್ತು."

"ಒಂದು ಮಿಲಿಮೀಟರ್ ತಾನೇ, ಬಿಟ್ಹಾಕಿ."

"ಬಿಡೋ ಹಾಗಿಲ್ಲಪ್ಪ. ಅಚ್ಚಿಗೆ ಹೊಯ್ದದ್ದು ಆರಿದಾಗ ಚೂರು ಕುಗ್ಗುತ್ತೆ. ಅದಕ್ಕೇ ಮೊದಲ ಮಾದರಿನ ದೊಡ್ಡದಾಗಿ ಮಾಡ್ತಿದ್ವಿ, ನೂರೊಂದು. ಅದರ ಅಚ್ಚಲ್ಲಿ ಹುಟ್ಟಿದ್ದು ಅಂಗಡಿ ಗೊಂಬೆ, ನೂರು. ಇದು ಅಂಗಡಿ ಗೊಂಬೆಗೆ ಹುಟ್ಟಿದ್ದು, ಮೊಮ್ಮಗ. ಗೊಂಬೆ ಮಾರಾಟಕ್ಕೆ ಬಂದಮೇಲೆ ಮನೇಲಿ ಅಚ್ಚು ತೆಗೆದು ಮಾಡಿದ್ದು."

"ಹಾಗಾದ್ರೆ ಕಳುವಾಗಿದ್ದು ಇದಲ್ಲ," ಎಂದಳು ತಂಗಿ.

"ಇದಲ್ಲ. ನಿಮ್ಮಪ್ಪ ಏನನ್ನೂ ಮುಟ್ಟಿಲ್ಲ ಅಂತ ನಾನು ಹೇಳೋಕಾಗಲ್ಲ. ಇದನ್ನಂತೂ ಕದ್ದಿಲ್ಲ."

"ಮತ್ತೆ ಯಾಕೆ ಮಾಡಿದ್ರು?" ಎಂದ ಅಣ್ಣ.

"ಕೆಲಸ ಹೋಯ್ತು ಅಂತ ಕೈ ಸುಮ್ನಿರುತ್ತಾ?"

ಅಷ್ಟನ್ನು ಬರೆದುಕೊಡಿ ಎಂದಳು ತಂಗಿ. ನಕಲಿ ಎಂದು ಬರೆಸಿಕೊಂಡು ಹೋದವರು ಈವರೆಗೆ ಯಾರೂ ಇರಲಿಲ್ಲ. ಅಚ್ಚಿನಮ್ಮನ ಬಳಿ ಇದ್ದದ್ದು 'ಅಸಲಿ' ಎಂದು ಮೊದಲೇ ಮುದ್ರಿಸಿಟ್ಟ ಹಾಳೆಗಳು. ಒಂದರ ಹಿಂಬದಿಯಲ್ಲಿ ಬರೆದು, ತಾರೀಖು ಹಾಕಿ, ಸಹಿ ಮಾಡಿದಳು.

"ಗೊಂಬೆ ನೀನೇ ಇಟ್ಕೋ," ಎಂದು ತಂಗಿ ಕಾಗದವನ್ನು ಮಡಚಿ ಚೀಲಕ್ಕೆ ಸೇರಿಸಿ ಹೊರಗೆ ನಡೆದಳು.

ಅಣ್ಣ ಗೊಂಬೆಯನ್ನು ಎತ್ತಿಕೊಂಡು ಬಾಗಿಲ ತನಕ ಹೋಗಿ ಹಿಂತಿರುಗಿದ.

"ಅಮ್ಮಾ, ನಂಗೂ ಒಂದು ಬರ್ಕೊಡಿ. ಅಪ್ಪನ ಜೊತೆ ಕೆಲಸ ಮಾಡ್ತಿದ್ದೋರು ಇಬ್ಬರು ಇನ್ನೂ ಇದಾರೆ, ಅವರಿಗೆ ತೋರಿಸ್ಬೇಕು."

"ಕೂತ್ಕೋ," ಎಂದು ಆಕೆ ಇನ್ನೊಂದು ಹಾಳೆ ಎಳೆದುಕೊಂಡಳು.