ಬಂದಿದ್ದು ಬೇರೆ, ಒಕ್ಕಿದ್ದು ಬೇರೆ

ನನ್ನ ಅಕ್ಷರ ದುಂಡಗಿಲ್ಲ, ಒತ್ತುಗಳು ಸಾಲು ಬಿಟ್ಟು ಇಳಿಯುತ್ತವೆ. ಹತ್ತನೇ ತರಗತಿಯ ನಡುವೆ ಶಾಲೆ ಬಿಟ್ಟವಳಿಗೆ ಪದಗಳೂ ಕಡಿಮೆ. ಓದುವವರು ಮನ್ನಿಸಬೇಕು. ಮಾಯಕ್ಕನನ್ನು ನಿನ್ನೆಯಿಂದ ಊರಲ್ಲಿ ಕೆಲವರು ಮೋಸಗಾತಿ ಎನ್ನುತ್ತಿದ್ದಾರೆ, ಕೆಲವರು ಸತ್ಯವಂತೆ ಎನ್ನುತ್ತಿದ್ದಾರೆ. ನಾನು ಕಂಡಷ್ಟನ್ನು ಬರೆಯುತ್ತೇನೆ.

ಮಾಯಕ್ಕ ಬಿಸಿಲಲ್ಲಿ ಮಳೆಯಂಗಿ ತೊಡುವ ಹೆಂಗಸು. ಟ್ರಾಕ್ಟರಿಗೆ ರಾಗಿ ಒಕ್ಕುವ ಮಿಷನ್ನು ಕಟ್ಟಿಕೊಂಡು ಬಿಂಡಿಗನವಿಲೆಯಿಂದ ಹೊರಟಳೆಂದರೆ, ಸುಗ್ಗಿ ಮುಗಿಯುವವರೆಗೆ ಸುತ್ತಿನ ಕಣಗಳಲ್ಲೆಲ್ಲ, ಒಮ್ಮೊಮ್ಮೆ ಸಂತೆಬಾಚಹಳ್ಳಿಯ ಕಡೆಗೂ, ಕತ್ತಿನವರೆಗೆ ಗುಂಡಿ ಹಾಕಿದ ಆ ನೀಲಿ ಅಂಗಿಯಲ್ಲೇ ಓಡಾಡುತ್ತಾಳೆ. ರಾಗಿಯ ಸುಂಕು, ಒಕ್ಕುವಾಗ ಏಳುವ ಆ ನವಿರು ಧೂಳು, ತಾಗಿ ಮೈ ಕಡಿಯಬಾರದೆಂದು. "ಮಾಯಮ್ಮ ಬಂದ್ಲು, ಮಳೇನೂ ಕರ್ಕಂಡೇ ಬಂದವ್ಳೆ" ಎಂದು ಗಂಡಸರು ನಗುತ್ತಾರೆ. ಅವಳು ನಗುವುದಿಲ್ಲ. ಎಡಗಿವಿಯನ್ನು ಮಿಷನ್ನಿನ ಕಡೆ ಚಾಚಿ, ಬೆಲ್ಟಿನ ಸದ್ದು ಆಲಿಸುತ್ತ, ಒಂದು ಭುಜ ಮುಂದಾಗಿ ನಡೆಯುತ್ತಾಳೆ. ಮನೆಯಲ್ಲಿ ಒಲೆಯ ಮುಂದೆ ಓಡಾಡುವಾಗಲೂ ಅದೇ ನಡಿಗೆ.

ದರ ಕೇಳಿದವರಿಗೆಲ್ಲ ಅವಳದು ಒಂದೇ ಉತ್ತರ: "ಬಂದಿದ್ದು ಬೇರೆ, ಒಕ್ಕಿದ್ದು ಬೇರೆ." ಬಂದಿದ್ದಕ್ಕೆ ಎಷ್ಟು, ಒಕ್ಕಿದ್ದಕ್ಕೆ ಎಷ್ಟು ಎಂದು ಮಾತ್ರ ಬಿಡಿಸಿ ಹೇಳಳು, ಕೆಲಸ ಮುಗಿದ ಮೇಲೆ ಒಟ್ಟು ಮೊತ್ತ ಹೇಳಿ ಕೈ ಚಾಚುತ್ತಾಳೆ. ನಾನು ಮಿಷನ್ನಿನ ಬಳಿ ಚೀಲ ಹಿಡಿಯುವವಳು. ಯಾಕೆ ಹೀಗೆ ಎಂದು ಒಮ್ಮೆ ಕೇಳಿದ್ದೆ. "ಬುಡಿಸಿ ಯೋಳುದ್ರೆ ಒಂದೊಂದ್ಕೂ ಚೌಕಾಸಿಗೆ ನಿಂತ್ಕತ್ತಾರೆ ಕಣ್ಮಗ. ನಾನೊಬ್ಳು ಎಷ್ಟ್ ಜನದ್ ತಾವ ಗುದ್ದಾಡ್ಲಿ?" ಎಂದಿದ್ದಳು.

ನಂಜಪ್ಪ, ದೇವರಾಜು ಒಡಹುಟ್ಟಿದವರು. ಪಾಲಾದ ಮೇಲೆ ಕಣದ ನಡುವೆ ಮುಳ್ಳುಬೇಲಿ ಹಾಕಿಕೊಂಡು ಮಾತು ಬಿಟ್ಟವರು. ನಿನ್ನೆ ಅಣ್ಣ ನಂಜಪ್ಪನ ಕಡೆ ಮೂರು ಗಂಟೆ ಒಕ್ಕಿ, ಆರು ಸಾವಿರದ ಆರುನೂರು ತೆಗೆದುಕೊಂಡು, ಮಿಷನ್ನನ್ನು ರಸ್ತೆಗೆ ಇಳಿಸಿ, ಬೇಲಿ ಸುತ್ತಿ ಬಂದು, ಮತ್ತೆ ಹೂಡಿ ನಿಲ್ಲಿಸಿ, ತಮ್ಮನ ಕಡೆ ಒಂದು ಗಂಟೆ ಒಕ್ಕಿದೆವು. ಮಾಯಕ್ಕ ಎರಡು ಸಾವಿರದ ಆರುನೂರು ಎಂದಳು. ಅಣ್ಣನ ಲೆಕ್ಕವನ್ನು ಬೇಲಿಯ ಈಚೆಯಿಂದ ಕೇಳಿಸಿಕೊಂಡಿದ್ದ ದೇವರಾಜು, ಟ್ರಾಕ್ಟರಿನ ಕೀ ಕಿತ್ತು ಮುಷ್ಟಿಯಲ್ಲಿ ಹಿಡಿದ.

"ಏನಮ್ಮಿ, ಅವ್ನಿಗೆ ಗಂಟೆಗೆ ಎರಡ್ಸಾವ್ರದಿನ್ನೂರು, ನಂಗೆ ಎರಡ್ಸಾವ್ರದಾರ್ನೂರಾ? ನನ್ ರಾಗಿಗೇನ್ ಕೊಂಬೈತಾ?"

"ಬಂದಿದ್ದು ಬೇರೆ ಕಣಣ್ಣ, ಒಕ್ಕಿದ್ದು…"

"ಆ ಪದ ನಿಮ್ಮನೇಲಿ ಹಾಡ್ಕೊ. ಸರಿಯಾದ್ ಲೆಕ್ಕ ಕೊಡೋಗಂಟ ಕೀ ಕೊಡಾಕಿಲ್ಲ."

ಮೂಡಣದಲ್ಲಿ ಮೋಡ ಕಪ್ಪಾಗಿತ್ತು. ಮುಂದಿನ ಕಣ ಕುಳ್ಳಮ್ಮನದು. ಮೆದೆ ಹಾಕಿದ ರಾಗಿ ಮಳೆಗೆ ಹೆದರುವುದಿಲ್ಲ, ನೀರು ಮೇಲಿಂದಲೇ ಜಾರಿಹೋಗುತ್ತದೆ. ಆದರೆ ಮಧ್ಯಾಹ್ನಕ್ಕೆ ಬಂದೇ ಬರುತ್ತೇನೆಂದ ಮಾಯಕ್ಕನನ್ನು ನಂಬಿ ಆಕೆ ಬೆಳಗ್ಗೆಯೇ ಮೆದೆ ಬಿಚ್ಚಿ ಹರವಿಬಿಟ್ಟಿದ್ದಳು. ಒಬ್ಬಳೇ ಮತ್ತೆ ಒಟ್ಟಲಾರಳು. ವರ್ಷದ ಮುದ್ದೆ ಬಯಲಲ್ಲಿ ಬಿದ್ದಿತ್ತು. ರಸ್ತೆಯಂಚಿಗೆ ಬಂದು ನಿಂತು ಕೂಗಿದಳು: "ಬತ್ತೀಯೇನವ್ವ ಮಾಯಿ, ಬರಾಕಿಲ್ವಾ? ಬರ್ದಿದ್ರೆ ಅಂಗಂತ ಯೋಳ್ಬುಡು."

ನಾನೂರು ರೂಪಾಯಿ ಬಿಟ್ಟು ಮಾಯಕ್ಕ ಹೊರಡಬಹುದಿತ್ತು. ಬಿಟ್ಟರೆ ಮೋಸ ಒಪ್ಪಿಕೊಂಡಂತೆ. ಒಪ್ಪಿಕೊಂಡರೆ ಮುಂದೆ ಯಾವ ಕಣವೂ ಕರೆಯದು. ಕತ್ತಿನ ಗುಂಡಿ ಬಿಚ್ಚುತ್ತ, ಹಾಕುತ್ತ, ಕುಳ್ಳಮ್ಮನ ಕಡೆಗೂ ಕೀಯ ಕಡೆಗೂ ನೋಡುತ್ತ ನಿಂತಳು.

ನಾಲ್ಕು ಜನರ ಎದುರು ನನಗೆ ಬಾಯಿ ಬಾರದು. ಒಂದು ಕಡ್ಡಿ ತೆಗೆದುಕೊಂಡು ಕಣದ ಹೊಟ್ಟಿನ ಮೇಲೆ ಬರೆದೆ. ಎಕ್ಸ್ ಎಂದರೆ ಬಂದಿದ್ದು. ವೈ ಎಂದರೆ ಒಂದು ಗಂಟೆ ಒಕ್ಕಿದ್ದು. ಎಕ್ಸಿಗೆ ಮೂರು ವೈ ಕೂಡಿದರೆ ಆರು ಸಾವಿರದ ಆರುನೂರು. ಎಕ್ಸಿಗೆ ಒಂದು ವೈ ಕೂಡಿದರೆ ಎರಡು ಸಾವಿರದ ಆರುನೂರು. ಮೊದಲ ಸಾಲಿನಿಂದ ಎರಡನೆಯದನ್ನು ಕಳೆದರೆ ಎಕ್ಸ್ ಇಲ್ಲವಾಗಿ, ಎರಡು ವೈಗೆ ನಾಲ್ಕು ಸಾವಿರ ಉಳಿಯುತ್ತದೆ. ತಪ್ಪಿರಬಾರದೆಂದು ಇನ್ನೊಮ್ಮೆ ಮಾಡಿದೆ. ಆಮೇಲೆ ಯಾರ ಮುಖವನ್ನೂ ನೋಡದೆ ಹೇಳಿದೆ: "ಗಂಟೆಗೆ ಇಬ್ರಿಗೂ ಎರಡ್ಸಾವ್ರಾನೇ ದೇವ್ರಾಜಣ್ಣ. ಬಂದಿದ್ದಕ್ಕೆ ಇಬ್ರಿಗೂ ಆರ್ನೂರು. ನಿಮ್ದು ಒಂದೇ ಗಂಟೆ, ಅದ್ಕೆ ಜಾಸ್ತಿ ಕಾಣ್ತದೆ."

ದೇವರಾಜು ಬಗ್ಗಿ ನೋಡಿದ. ಮುಷ್ಟಿ ಸಡಿಲವಾಯಿತು. ಅಷ್ಟರಲ್ಲಿ ಬೇಲಿಯಾಚೆಯಿಂದ ನಂಜಪ್ಪನ ದನಿ ಬಂತು.

"ಲೇ ದೇವ್ರಾಜ, ನಂಗೂ ಆರ್ನೂರು, ನಿಂಗೂ ಆರ್ನೂರಾ? ಗಾಡಿ ಬಿಂಡಿಗನವಿಲೆಯಿಂದ ಎಷ್ಟ್ ಸಲ ಬಂತ್ಲಾ?"

"ಒಂದೇ ಸಲ ಕಣಣ್ಣ!"

ವರ್ಷಗಳಿಂದ ಒಬ್ಬರಿಗೊಬ್ಬರು ಸೊಲ್ಲೆತ್ತದವರು ಇದೊಂದಕ್ಕೆ ಒಂದಾದರು. ಮುಷ್ಟಿ ಮತ್ತೆ ಬಿಗಿಯಿತು. ಮಾಯಕ್ಕನನ್ನು ಬಿಡಿಸಲು ಬರೆದ ಲೆಕ್ಕವೇ ಅವಳನ್ನು ಹಿಡಿದುಕೊಟ್ಟಿತ್ತು. ಬರೆದದ್ದನ್ನು ಕಾಲಿನಿಂದ ಒರೆಸಹೋದೆ.

"ಅಳಿಸ್ಬ್ಯಾಡ," ಎಂದಳು ಮಾಯಕ್ಕ. ಆ ಎರಡು ಸಾಲುಗಳನ್ನೇ ತುಸು ಹೊತ್ತು ನೋಡಿದಳು. ಆಮೇಲೆ ಅವಳ ಬಾಯಿಂದ ನಾನು ಎಂದೂ ಕೇಳದ ಮಾತು ಬಂತು. "ಆರ್ನೂರ್ರಲ್ಲಿ ದಾರೀದು ಮುನ್ನೂರು, ಮಿಷನ್ ಹೂಡೋದು ಮುನ್ನೂರು. ಹೂಡಿದ್ದು ಎರಡ್ಸಲ, ನಿಮ್ ಬೇಲಿ ದೆಸೆಯಿಂದ. ಅದ್ರಲ್ಲಿ ಒಂದ್ ಕಾಸೂ ಬುಡಾಕಿಲ್ಲ. ದಾರಿ ಸವೆಸಿದ್ದು ಒಂದೇ ಸಲ. ಅದನ್ನ ಇಬ್ರ ತಾವೂ ಕೇಳಿದ್ದು ನನ್ ತಪ್ಪು. ಎರಡೂ ಒಂದೇ ಗಂಟು ಅಂದ್ಕಂಡ್ಬುಟ್ಟಿದ್ದೆ."

ದೇವರಾಜುವಿಗೆ ನೂರೈವತ್ತು ಬಿಟ್ಟಳು. ನಂಜಪ್ಪನಿಗೆ ನೂರೈವತ್ತನ್ನು ಬೇಲಿಯ ಮೇಲಿಂದ ಚಾಚಿದಳು. "ಓಗಮ್ಮಿ ಬಿರ್ನೆ, ಆ ಮುದ್ಕಿ ಬಾಯ್ ಬಡ್ಕತ್ತಾವ್ಳೆ" ಎಂದು ದೇವರಾಜು ಹಣ ಎಣಿಸಿ ಕೀ ಕೊಟ್ಟ.

ಕುಳ್ಳಮ್ಮನ ಕಣದಲ್ಲಿ ಅರ್ಧ ಒಕ್ಕುವಷ್ಟರಲ್ಲಿ ಮಳೆ ಹೊಡೆಯಿತು. ಟಾರ್ಪಾಲು ಸಾಲಲಿಲ್ಲ. ನೆಂದ ತೆನೆಯನ್ನು ಕೈಯಲ್ಲಿ ಹಿಂಡುತ್ತ ಕುಳ್ಳಮ್ಮ, "ನಿಮ್ ಲೆಕ್ಕ ಸರೋಯ್ತು, ನನ್ ರಾಗಿ ನೆಂದೋಯ್ತು" ಎಂದಳು. ಮಾಯಕ್ಕ ತಲೆ ತಗ್ಗಿಸಿ ಬೆಲ್ಟು ಬಿಚ್ಚಿದಳು.

ಗಂಡಸರ ಗುಂಪಿನ ನಡುವೆ ಒಬ್ಬಳೇ ನಿಂತು ಕೂಲಿ ಕೇಳಬೇಕಾದ ಹೆಂಗಸರು ಮೊದಲು ಕಲಿಯುವುದು ಬಾಯಿ ಬಿಗಿಹಿಡಿಯುವುದನ್ನೇ. ಆ ಬಿಗಿ ಅವರ ಕಾವಲು. ಅದರೊಳಗೆ ಅವರ ನ್ಯಾಯವೂ ತಪ್ಪೂ ಕಲೆತು ಕುಳಿತು, ಕೊನೆಗೆ ಅವರಿಗೇ ಬೇರೆಯಾಗಿ ಕಾಣದಂತಾಗುತ್ತದೆ. ಊರು ಅವರನ್ನು ಗಟ್ಟಿಗಿತ್ತಿ ಎನ್ನುತ್ತದೆ. ಎಲ್ಲರೆದುರು ತಪ್ಪನ್ನು ಬಿಡಿಸಿ ಹೇಳುವ ಹೊತ್ತು ಅವರಿಗೆ ಎಷ್ಟು ಭಾರವೆಂದು, ಪಕ್ಕದಲ್ಲಿ ಚೀಲ ಹಿಡಿದು ನಿಂತವರಿಗೆ ಮಾತ್ರ ಗೊತ್ತು.

ಈಗ ಬಿಸಿಲು ಬಂದಿದೆ. ನಾನು ಕುಳ್ಳಮ್ಮನ ಕಣಕ್ಕೆ ಹೋಗಿ ನೆಂದ ತೆನೆಗಳನ್ನು ಹರವುತ್ತೇನೆ.