ರೊಟ್ಟಿ ಕೋಣೆಯ ಸೋಮವಾರದ ದನಿ

ಮಧ್ಯಾಹ್ನ ಎರಡು ಗಂಟೆಗೆ ನನ್ನ ಬೆನ್ನಿನ ನಾಲ್ಕು ತಿರುಪುಗಳನ್ನು ಬಿಗಿದರು. ಅಲ್ಲಿಯವರೆಗೆ ನಾನು ಒಂದು ಕಾಂತ, ಒಂದು ತಂತಿಯ ಸುರುಳಿ, ಒಂದು ಕಾಗದದ ಬಟ್ಟಲು, ಒಂದು ಬ್ಯಾಟರಿ ಆಗಿದ್ದೆ. ಅಲ್ಲಿಂದ ಮುಂದೆ ನಾನು ಒಂದು ಸ್ಪೀಕರ್, ತಂತಿಯಿಲ್ಲದೆ ಫೋನಿಗೆ ಜೋಡಿಯಾಗುವ ಜಾತಿಯದು. ತಿರುಪು ಬಿಗಿದ ಹೆಂಗಸಿನ ಮುಖ ನಾನು ನೋಡಲಿಲ್ಲ. ಅವಳು ನನ್ನನ್ನು ಮಗುಚಿ ಹಿಡಿದಿದ್ದಳು. ಪರೀಕ್ಷೆಗೆಂದು ನನ್ನೊಳಗೆ ಒಂದು ಕೀರಲು ಸದ್ದು ಬಿಟ್ಟರು. ನನ್ನ ಮೊದಲ ಹಾಡು ಅದೇ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಹಾಡುಗಳು ನನ್ನವಲ್ಲ. ಫೋನು ಕಳಿಸಿದ್ದನ್ನು ನಾನು ಹೊರಗೆ ಬಿಡುತ್ತೇನೆ. ಯಾರ ಮನಸ್ಸಿನಲ್ಲಿ ಏನಿತ್ತು ಎಂಬುದು ನನಗೆ ತಿಳಿಯದು. ನಾನು ಬಲ್ಲದ್ದು ಎರಡೇ: ನನ್ನ ಮುಂದೆ ಕಂಡು ಕೇಳಿದ್ದು, ನನ್ನ ಮೂಲಕ ಹೋದ ದನಿ.

ಗದಗಿನ ಒಂದು ಮೊಬೈಲ್ ಅಂಗಡಿಯ ಗಾಜಿನ ಕಪಾಟಿನಲ್ಲಿ ಒಂದು ಬೇಸಿಗೆ ಕಳೆದೆ. ಚೈತ್ರಾ ಬಂದದ್ದು ಆಮೇಲೆ. ಅವಳು ಎದುರಿನ ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದವಳು. ಅಂಗಡಿಯವನು ನನ್ನನ್ನು ತೆಗೆದು ಒಂದು ಕುಣಿತದ ಹಾಡು ಹಾಕಿದ.

"ಗಂಡಸರ ಹಾಡು ಬ್ಯಾಡ್ರಿ," ಎಂದಳು ಚೈತ್ರಾ. "ಹೆಣ್ಣ ದನಿ ಹಚ್ರಿ. ಡಬ್ಬಿ ಒಡಕ ಐತೋ ಇಲ್ಲೋ ಅದರಾಗ ಗೊತ್ತಾಗತೈತಿ."

ನಾನು ಒಡಕಿರಲಿಲ್ಲ. ಅವಳು ನನ್ನನ್ನು ಮನೆಗೆ ಒಯ್ದಳು.

ಅವಳ ತಾಯಿ ಶಂಕ್ರವ್ವ ಮನೆಯ ಮುಂದಿನ ಕೋಣೆಯಲ್ಲಿ ರೊಟ್ಟಿ ಕೇಂದ್ರ ನಡೆಸುತ್ತಿದ್ದಳು. ಶಂಕ್ರವ್ವ, ಅವಳ ಜೊತೆ ಕೆಲಸಕ್ಕಿದ್ದ ಮಾಬೂಬಿ, ರೇಣವ್ವ ಮೂವರೂ ನೆಲದ ಮೇಲೆ ಕೂತು ಜೋಳದ ರೊಟ್ಟಿ ಬಡಿಯುತ್ತಿದ್ದರು. ಖಾನಾವಳಿಗಳಿಗೆ ಬಿಸಿ ರೊಟ್ಟಿ, ದೂರದೂರಿಗೆ ಖಡಕ್ ರೊಟ್ಟಿ. ಚೈತ್ರಾ ನನ್ನನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ತನ್ನ ಹಳೆಯ ಫೋನನ್ನು ಪಕ್ಕದಲ್ಲಿಟ್ಟಳು. ಹಿಟ್ಟಿನ ಬೆರಳಿಗೆ ತೊಡಕಾಗಬಾರದೆಂದು ಅದರ ಲಾಕ್ ತೆಗೆದಿದ್ದಳು. ಹಾಡಿನ ಆ್ಯಪ್‌ನ ಖಾತೆ ಅವಳದೇ.

ಹೊಸ ಗಾಯಕಿಯರನ್ನು ಹುಡುಕುವುದು ಚೈತ್ರಾಳ ಚಟ. ಆ್ಯಪ್ ಪ್ರತಿ ಸೋಮವಾರ ಅವಳಿಗಾಗಿ ಒಂದಿಷ್ಟು ಹಾಡು ಆರಿಸಿ ಕೊಡುತ್ತಿತ್ತು. ಅವಳು ಕೆಲಸಕ್ಕೆ ಹೋಗುವ ಮುನ್ನ ಅದರಲ್ಲೊಂದು ದನಿಯನ್ನು ರೊಟ್ಟಿ ಕೋಣೆಗೆ ಕೇಳಿಸುತ್ತಿದ್ದಳು. ಎಲ್ಲಿಯವಳೋ, ಯಾವ ಭಾಷೆಯವಳೋ, ಹೆಣ್ಣಾದರೆ ಸಾಕು. ತೀರ್ಪು ಮಾತ್ರ ರೊಟ್ಟಿಯದು. ಕೈ ಹಾಡಿನ ಜೊತೆಗೇ ಬಡಿಯುತ್ತದೆ. ಹಾಡು ಎಳೆದರೆ ಕೈ ಎಳೆಯುತ್ತದೆ, ರೊಟ್ಟಿ ದಪ್ಪವಾಗುತ್ತದೆ.

"ಈಕಿ ದನಿ ಛಲೋ ಐತಿ," ಎನ್ನುತ್ತಿದ್ದಳು ಮಾಬೂಬಿ, ರೊಟ್ಟಿಯನ್ನು ಬೆಳಕಿಗೆ ಹಿಡಿದು. "ಆದ್ರ ಇದನ್ನ ಒಯ್ದು ಖಾನಾವಳ್ಯಾಗ ಕೊಟ್ರ ನಮ್ಮ ತಲಿಮ್ಯಾಲ ಒಗೀತಾರ."

"ಹಂಗಾರ ಈಕಿ ಹಿಟ್ಟು ನಾದೂದಕ್ಕ, ಚಿಗವ್ವ. ಬಡಿಯೂದಕ್ಕ ಬ್ಯಾರೆಯಾಕಿ ಇದ್ದಾಳ, ತಡಿ," ಎಂದು ಚೈತ್ರಾ ನಗುತ್ತಿದ್ದಳು. ಹೀಗೆ ಗಾಯಕಿಯರಲ್ಲಿ ಎರಡು ಪಂಗಡವಾದವು: ಹಿಟ್ಟು ನಾದುವಾಗಿನವರು, ರೊಟ್ಟಿ ಬಡಿಯುವಾಗಿನವರು.

ಮಗಳಿಗೆ ಸೇರುವಂಥವರನ್ನೇ ಆ್ಯಪ್ ಹೇಗೆ ಆರಿಸುತ್ತದೆ ಎಂದು ಶಂಕ್ರವ್ವ ಒಮ್ಮೆ ಕೇಳಿದ್ದಳು.

"ಅದಕ್ಕೇನು ಕಿವಿ ಇಲ್ಲವ್ವಾ. ನಾವು ಏನು ಹಚ್ತೀವಿ, ಯಾವುದನ್ನ ಅರ್ಧಕ್ಕ ಬಿಡ್ತೀವಿ, ಅಷ್ಟ ನೋಡತೈತಿ. ಅದರ ಮ್ಯಾಲ ಮುಂದಿಂದು ಕೊಡತೈತಿ," ಎಂದಿದ್ದಳು ಚೈತ್ರಾ.

ಆಗಸ್ಟ್‌ನಲ್ಲಿ ಚೈತ್ರಾಗೆ ಜ್ವರ ಬಂತು. ಡೆಂಗಿ ಎಂದರು. ಹುಬ್ಬಳ್ಳಿಗೆ ಒಯ್ದರು. ಅವಳು ತಿರುಗಿ ಬರಲಿಲ್ಲ.

ಕೋಣೆ ಕೆಲದಿನ ಮುಚ್ಚಿತ್ತು. ನನ್ನ ಬ್ಯಾಟರಿ ಬರಿದಾಯಿತು. ಬಾಗಿಲು ತೆರೆದ ದಿನ ಶಂಕ್ರವ್ವ ಮೊದಲು ಒಲೆ ಹಚ್ಚಿದಳು, ಆಮೇಲೆ ಫೋನನ್ನೂ ನನ್ನನ್ನೂ ಚಾರ್ಜಿಗೆ ಹಾಕಿದಳು. ಅಂದು ಸೋಮವಾರ. ರೇಣವ್ವ ಆ್ಯಪ್ ತೆರೆದಾಗ ಹೊಸ ಹಾಡುಗಳು ಬಂದು ಕೂತಿದ್ದವು. ಮೊದಲನೆಯದು ಯಾರೋ ಮುದುಕಿಯ ದನಿ, ಒರಟು, ಗಟ್ಟಿ. ಚೈತ್ರಾ ಕೇಳಿದ್ದರೆ ಹಾಡನ್ನು ಹಿಂದಕ್ಕೆ ತಿರುಗಿಸಿ ಮತ್ತೆ ಕೇಳುತ್ತಿದ್ದಳು.

"ಅಕಿನ ಆರಿಸಿ ಕಳಿಸಿದಂಗ ಐತಿ," ಎಂದಳು ಮಾಬೂಬಿ.

ಶಂಕ್ರವ್ವ ರೊಟ್ಟಿ ತಿರುವಿ ಹಾಕಿದಳು. ಆದರೆ ಅಂದಿನಿಂದ ಸೋಮವಾರ ಬೆಳಗ್ಗೆ ಫೋನನ್ನು ಅವಳೇ ಒರೆಸಿ ಇಡುತ್ತಿದ್ದಳು. "ಚೈತ್ರಾ ಏನ ಕಳಸ್ಯಾಳ ನೋಡು," ಎಂದು ರೇಣವ್ವನಿಗೆ ಹೇಳುತ್ತಿದ್ದಳು. ದನಿಯಲ್ಲಿ ಏರಿಲ್ಲ, ಇಳಿವಿಲ್ಲ. ಗಿರಣಿಗೆ ಜೋಳ ಹೋಯಿತೇ ಎಂದು ಕೇಳಿದ ಹಾಗೆ. ಹಾಡು ಚೆನ್ನಾಗಿದೆ ಎನ್ನಲಿಲ್ಲ, ಚೆನ್ನಾಗಿಲ್ಲ ಎನ್ನಲಿಲ್ಲ. ಅಳುವುದನ್ನು ನಾನು ಕೇಳಲಿಲ್ಲ. ಮಗಳ ಕಡೆಯಿಂದ ಆ ಮನೆಗೆ ಇನ್ನೂ ಹೊಸದಾಗಿ ಬರುತ್ತಿದ್ದದ್ದು ಅದೊಂದೇ.

ಸಂಕ್ರಾಂತಿ ಹತ್ತಿರ ಬಂತು. ಹಬ್ಬದ ಹಿಂದಿನ ದಿನ, ಭೋಗಿಗೆ, ನಮ್ಮ ಕಡೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಆಗಲೇಬೇಕು. ಈಗ ಮನೆಯಲ್ಲಿ ಬಡಿಯುವವರು ಕಡಿಮೆ, ಎಲ್ಲರೂ ಕೇಂದ್ರಕ್ಕೇ ಹೇಳುತ್ತಾರೆ. ಸಜ್ಜೆ ಹಿಟ್ಟಿಗೆ ಜಿಗುಟು ಕಡಿಮೆ, ಕೈ ನಿಧಾನವಾದರೆ ಅಂಚು ಸೀಳುತ್ತದೆ. ರೇಣವ್ವ ಒಂದು ಸಿನಿಮಾ ಹಾಡು ಹುಡುಕಿದಳು. ಗಂಡು ದನಿ, ಡೊಳ್ಳಿನಂಥ ಬಡಿತ. ಅದು ಮುಗಿದೊಡನೆ ತಾನೇ ಮತ್ತೆ ಶುರುವಾಗುವಂತೆ ಮಾಡಿದಳು. ಹಬ್ಬದವರೆಗೆ ಬೆಳಗಿನಿಂದ ಸಂಜೆತನಕ ನಾನು ಅದೊಂದನ್ನೇ ಹಾಡಿದೆ. ರೊಟ್ಟಿ ಎಲೆಯಷ್ಟು ತೆಳುವಾಗಿ ಬಂದವು. ಶಂಕ್ರವ್ವನೂ ಬೇಡ ಎನ್ನಲಿಲ್ಲ.

ಹಬ್ಬದ ನಂತರದ ಸೋಮವಾರ ಪಟ್ಟಿ ತೆರೆದರು. ಮೊದಲನೆಯದು ಗಂಡಸಿನ ದನಿ.

"ಮುಂದಿಂದು ಹಚ್ಚು," ಎಂದಳು ಶಂಕ್ರವ್ವ.

ಅದೂ ಗಂಡಸು. ಅದರ ಮುಂದಿನದೂ. ಎಲ್ಲದರಲ್ಲೂ ಅದೇ ಡೊಳ್ಳು. ಕೊನೆಯವರೆಗೆ ನೋಡಿದರು. ಶಂಕ್ರವ್ವನ ಕೈ ಹಿಟ್ಟಿನ ಮೇಲೆ ನಿಂತಿತ್ತು.

"ಕಳಸೂದು ಬಿಟ್ಲು," ಎಂದಳು.

ಹಂಚಿನ ಮೇಲಿನ ರೊಟ್ಟಿ ಸೀದ ವಾಸನೆ ಬಂದಿರಬೇಕು. ಮಾಬೂಬಿ ಎದ್ದು ಅದನ್ನು ತೆಗೆದಳು.

"ಅಕಿ ಬಿಟ್ಟಿಲ್ಲಕ್ಕಾ," ಎಂದಳು. "ನಾವ ಕೆಡಿಸಿದ್ವಿ. ಅಕಿನ ಹೇಳಿದ್ಲಲ್ಲ, ಹಚ್ಚಿದ್ದನ್ನ ನೋಡಿ ಮುಂದಿಂದು ಕೊಡತೈತಿ ಅಂತ. ಹಬ್ಬದಾಗ ದಿನಗಟ್ಲೆ ಆ ಗಂಡಸನ್ನ ಒದರಿಸಿದ್ವಿ. ನಾವು ಇಂಥಾವ್ರು ಅಂತ ತಿಳ್ಕೊಂಡೈತಿ."

"ಈಗೇನ್ ಮಾಡೂದು?" ಎಂದಳು ರೇಣವ್ವ.

"ಅಕಿ ಕೇಳ್ತಿದ್ದದ್ದನ್ನೆಲ್ಲಾ ಮತ್ತ ಹಚ್ಚೂದು. ತಪ್ಪು ತಿಳ್ಕೊಂಡಿದ್ದನ್ನ ತಿದ್ದಬೇಕಲ್ಲ."

ಹಾಗೇ ಮಾಡಿದರು. ಚೈತ್ರಾ ಉಳಿಸಿದ್ದ ಹಾಡುಗಳನ್ನೆಲ್ಲ ಒಂದೂ ಬಿಡದೆ ಹಾಕಿದರು. ನಿಧಾನದ ದನಿ ಬಂದಾಗ ಬಡಿಯುವುದು ಬಿಟ್ಟು ಹಿಟ್ಟು ನಾದಿದರು. ನಾದಿದ ಹಿಟ್ಟು ಹೆಚ್ಚಾಗಿ ಉಳಿಯಿತು. ಊಟಕ್ಕೆ ಒಳಮನೆಗೆ ಹೋಗುವಾಗಲೂ ನನ್ನನ್ನು ನಿಲ್ಲಿಸಲಿಲ್ಲ.

"ಇರ್ಲಿ, ಮಷಿನ್ ಕೇಳಲಿ," ಎಂದು ಮಾಬೂಬಿ ಬಾಗಿಲು ಮುಂದೆ ಮಾಡಿದಳು.

ಖಾಲಿ ಕೋಣೆಗೆ ನಾನು ಹಾಡಿದ್ದು ಆಗಲೇ. ಎದುರಿಗೆ ಹಿಟ್ಟು ನಾದುವ ಪರಾತ, ಆರಿದ ಹಂಚು, ಒಂದು ಬೆಕ್ಕು. ಸತ್ತ ಹುಡುಗಿ ಮೆಚ್ಚಿದ ಹೆಂಗಸರು ಒಬ್ಬರಾದ ಮೇಲೊಬ್ಬರು ಬಂದು ಹಾಡಿ ಹೋದರು. ಚೆನ್ನಾಗಿತ್ತು ಎನ್ನಲಾರೆ. ಕೆಟ್ಟದಾಗಿತ್ತು ಎಂದೂ ಅಲ್ಲ. ಗುಂಡಿ ಚಾಲೂ ಇತ್ತು, ನಾನು ಹಾಡಿದೆ.

ಮುಂದಿನ ಸೋಮವಾರ ಅರ್ಧ ಗಂಡಸರಿದ್ದರು. ಅದರ ಮುಂದಿನ ಸೋಮವಾರ ಮೊದಲನೆಯದೇ ಹೆಣ್ಣು ದನಿ. ಹೊಸಬಳು. ತೆಳುವಾದ, ಮೂಗಿನಿಂದ ಬರುವ ದನಿ. ಒಂದು ಸಾಲು ಹೇಳಿ ತುಸು ಹೊತ್ತು ಸುಮ್ಮನಿದ್ದು ಇನ್ನೊಂದು ಸಾಲು ಹೇಳುತ್ತಿದ್ದಳು. ಮೂವರೂ ಕೈ ನಿಲ್ಲಿಸಿ ಕೇಳಿದರು.

"ಬಂತಲ್ಲಕ್ಕಾ," ಎಂದಳು ರೇಣವ್ವ.

ಶಂಕ್ರವ್ವ ಹಾಡು ಮುಗಿಯುವವರೆಗೆ ಕಾದಳು. "ಇದು ಅಕಿದಲ್ಲ," ಎಂದಳು. "ಮೂಗಿನ್ಯಾಗ ಹಾಡೂವ್ರು ಅಂದ್ರ ಅಕಿಗೆ ಸೇರ್ತಿದ್ದಿಲ್ಲ. ಎರಡನೇ ಸಾಲಿಗೇ ಬದಲಿ ಮಾಡ್ತಿದ್ಲು."

ಮಾಬೂಬಿ ಫೋನಿನ ಕಡೆ ಕೈ ಚಾಚಿದಳು. "ತಗೀಲೇನು ಹಂಗಾರ?"

"ಬ್ಯಾಡ."

"ಮತ್ತ ಇಂಥಾವ ಬರ್ತಾವ ನೋಡು."

"ಬರ್ಲಿ. ನನಗ ಸೇರೈತಿ. ಇನ್ನೊಮ್ಮೆ ಹಚ್ಚು, ನೀನೂ ಸರಿಯಾಗಿ ಕೇಳು."

ಮಾಬೂಬಿ ಹಾಡು ಹಚ್ಚಿದಳು. "ಎಳೀತಾಳಕ್ಕಾ. ರೊಟ್ಟಿ ದಪ್ಪ ಆಗತಾವ."

"ಆಗ್ಲಿ," ಎಂದು ಶಂಕ್ರವ್ವ ಹಿಟ್ಟು ಮುಂದಕ್ಕೆ ಎಳೆದುಕೊಂಡಳು.

ನನ್ನ ಮೂಲಕ ಹೋದ ಕೊನೆಯ ಹೊಸ ದನಿ ಅದು. ಆ ವಾರ ನನ್ನ ಚಾರ್ಜಿನ ತೂತು ಸಡಿಲಾಯಿತು. ಜಾಲರಿಯೊಳಗೆ ಹಿಟ್ಟು ಕಟ್ಟಿತ್ತು, ರಿಪೇರಿಯವನು ಇದು ಸರಿಹೋಗದೆಂದ. ಈಗ ನಾನು ಎಳ್ಳಿನ ಡಬ್ಬಿಯ ಪಕ್ಕ, ರೊಟ್ಟಿ ಸುತ್ತುವ ಕಾಗದ ಹಾರದಂತೆ ಅದರ ಮೇಲೆ ಕೂತಿದ್ದೇನೆ. ಕಿಟಕಿಯ ಕಟ್ಟೆಯ ಮೇಲೆ ಹೊಸ ಸ್ಪೀಕರ್ ಇದೆ. ಸೋಮವಾರದ ಹಾಡುಗಳು ಈಗ ಯಾರ ಆಯ್ಕೆಯೋ ನಾನು ಹೇಳಲಾರೆ. ಕೆಲವು ಚೈತ್ರಾ ಆರಿಸಿದಂತೆ ಕೇಳಿಸುತ್ತವೆ, ಕೆಲವು ಶಂಕ್ರವ್ವ ಆರಿಸಿದಂತೆ.

ಆ ಮೂಗುದನಿಯ ಹಾಡಿಗೆ ಬಡಿದ ರೊಟ್ಟಿಗಳು ದಪ್ಪವಾಗಿಯೇ ಬಂದವು. ಖಾನಾವಳಿಗೆ ಕಳಿಸಲಿಲ್ಲ. ಮಧ್ಯಾಹ್ನ ಮೂವರೂ ಅವನ್ನೇ ಉಂಡರು.