ಮೇಕೆ ಅಗಿದ ಹಗ್ಗ

ಫಿಸಿಯೋ ಕೋಣೆಯ ಗಾಜಿನ ಬಾಗಿಲಿನಾಚೆ ಒಬ್ಬಳು ಒಂದು ಕೈಯಲ್ಲಿ ಕಾಫಿ, ಇನ್ನೊಂದು ಕೈಯಲ್ಲಿ ಫೋನು ಹಿಡಿದು, ಮುಂದಿನ ಬಾಗಿಲನ್ನು ಸೊಂಟದಿಂದ ನೂಕಿಕೊಂಡು ಹೋದಳು, ಒಂದು ತೊಟ್ಟೂ ಚೆಲ್ಲಲಿಲ್ಲ, ಎಲ್ಲ ಬಿಟ್ಟಿಯಾಗಿ ಸಿಕ್ಕಿತು ಅವಳಿಗೆ, ಸಿಕ್ಕಿದ್ದು ಅವಳಿಗೆ ಗೊತ್ತೂ ಆಗಲಿಲ್ಲ — ಒಂದು ಲೋಟ ಕಾಫಿಯ ಬೆಲೆ ಒಂದು ಕೈ, ಒಂದು ಕೈಯ ಬೆಲೆ ಒಂದು ಊರುಗೋಲು, ಊರುಗೋಲು ಕೊಟ್ಟರೆ ಕಾಲು ಕೊಟ್ಟ ಹಾಗೆ, ಆದ್ದರಿಂದ ಚಳಿಗಾಲವೆಲ್ಲ ಶೆಲ್ಬಿ ಕಾಫಿಯನ್ನು ಯಂತ್ರದ ಪಕ್ಕದಲ್ಲೇ ನಿಂತು ಕುಡಿದಳು, ತೊಟ್ಟಿಯ ಹತ್ತಿರ ನಿಲ್ಲಿಸಿದ ಕುದುರೆಯ ಹಾಗೆ. ಸ್ನಾನದ ಬೆಲೆ ಕಾಲಿಗೆ ಸುತ್ತಲು ಒಂದು ಕಸದ ಚೀಲ, ಕೂರಲು ಒಂದು ಪ್ಲಾಸ್ಟಿಕ್ ಕುರ್ಚಿ, ಅರ್ಧ ಬೆಳಗು. ಮಹಡಿಯ ಮೇಲಿನ ಇತಿಹಾಸದ ತರಗತಿಯ ಬೆಲೆ ಅಂಗೈಯ ಚರ್ಮ, ಹಿಮ ಬಿದ್ದ ದಿನವಾದರೆ ಅದರ ಜೊತೆಗೆ ಮರ್ಯಾದೆ. ಹಲ್ಲಲ್ಲಿ ಹಿಡಿಯಬಹುದಾದದ್ದಕ್ಕೆ ಮಾತ್ರ ಬೆಲೆಯಿಲ್ಲ, ಕೋಣೆಯ ಕೀಲಿ, ಊಟದ ಕಾರ್ಡು, ಬ್ರೆಡ್ಡಿನ ಪೊಟ್ಟಣದ ತುದಿ, ಹಲ್ಲಲ್ಲಿ ಹಿಡಿಯುವುದು ಅವಳಿಗೆ ಹೊಸದಲ್ಲ, ಮೇಕೆ ಕಟ್ಟುವ ಹಗ್ಗವನ್ನು ಹಾಲುಹಲ್ಲು ಬಿದ್ದಾಗಿನಿಂದ ಹಾಗೇ ಹಿಡಿದವಳು — ಕುದುರೆಯನ್ನು ನಾಗಾಲೋಟದಲ್ಲಿ ಬಿಡಬೇಕು, ಅದು ಓಡುತ್ತಿರುವಾಗಲೇ ಜೀನಿನಿಂದ ಇಳಿಯಬೇಕು, ಗೂಟಕ್ಕೆ ಕಟ್ಟಿದ ಮೇಕೆಯತ್ತ ಓಡಿ ಅದನ್ನು ಕೆಡವಿ, ಬಾಯಲ್ಲಿದ್ದ ಹಗ್ಗ ತೆಗೆದು ಅದರ ಮೂರು ಕಾಲು ಬಿಗಿದು ಎರಡೂ ಕೈ ಮೇಲೆತ್ತಬೇಕು, ಬೇಗ ಕಟ್ಟಿದವಳು ಗೆದ್ದಳು, ಅಷ್ಟೇ ಆಟ. ಪಟ್ಟಣದವರಿಗೆ ಹೇಳಿದರೆ ಅಯ್ಯೋ ಮೇಕೆಗೆ ಏನಾಗಲ್ವಾ ಅಂತ ಕೇಳುತ್ತಾರೆ, ಮೇಕೆಗೆ ಏನೂ ಆಗುವುದಿಲ್ಲ, ಮೇಕೆ ಬಿಳಿ ಹಗ್ಗದ ತುದಿಯನ್ನು ಬಾಯಲ್ಲಿಟ್ಟುಕೊಂಡು ಅಗಿಯುತ್ತಿದೆ, ಅವಳನ್ನೇ ನೋಡುತ್ತಿದೆ, ಹಳದಿ ಕಣ್ಣಿನಲ್ಲಿ ಕಪ್ಪು ಪಾಪೆ ಅಡ್ಡಡ್ಡ ಮಲಗಿದೆ — ಅದು ಈಗ ಬೇಡ.

ಇನೆಸ್ ಆ ಬಲಗಾಲಿನ ಹಿಮ್ಮಡಿಯನ್ನು ಅಂಗೈಯಲ್ಲಿಟ್ಟುಕೊಂಡು ಮೆಲ್ಲಗೆ ಒಳಕ್ಕೆ ತಿರುಗಿಸುತ್ತಾಳೆ, ಆಮೇಲೆ ಹೊರಕ್ಕೆ. ಆ ಕಾಲು, ಶೆಲ್ಬಿ ಅದನ್ನು ಈಚೆಗೆ ಹಾಗೇ ಅನ್ನುವುದು, ನನ್ನ ಕಾಲು ಅಂತ ಬಾಯಿಗೆ ಬರುವುದಿಲ್ಲ, ಈಗ ಬಂದೆ ನೋಡ್ಕೊಂಡಿರು ಅಂತ ಯಾರೋ ಬಿಟ್ಟುಹೋದ ಸಾಮಾನಿನ ಹಾಗೆ ಅದು ಮಂಚದ ತುದಿಯಲ್ಲಿ ಬಿದ್ದುಕೊಂಡಿದೆ, ಎಡಗಾಲಿಗಿಂತ ಸೊರಗಿದ ಮೀನಖಂಡ, ಹರಡಿನ ಹೊರಮಗ್ಗುಲಲ್ಲಿ ಮಿರುಗುವ ಗಾಯದ ಗೆರೆ, ಗೆರೆಯ ಒಳಗೆ ಒಂದು ತಗಡು, ಅದಕ್ಕೆ ಬಿಗಿದ ತಿರುಪುಮೊಳೆಗಳು, ಹಳೇ ಟ್ರಕ್ಕಿನ ಬಾಗಿಲು ರಿಪೇರಿ ಮಾಡಿದ ಹಾಗೆ. ಇನೆಸ್ ಕಾಲೇಜಿನ ಫಿಸಿಯೋ, ಡೆನ್ವರಿನಲ್ಲಿ ಬೆಳೆದವಳು, ಕುದುರೆಗಳನ್ನು ಬೇಲಿಯ ಆಚೆಯಿಂದ ಮಾತ್ರ ಇಷ್ಟಪಡುವವಳು, ಕೈ ಬೆಚ್ಚಗಿರುತ್ತದೆ, ಮಾತು ಅಷ್ಟು ಬೆಚ್ಚಗಿರುವುದಿಲ್ಲ. ಇವತ್ತು ಇವಳು ಹೂಂ ಅಂದರೆ ಶನಿವಾರ, ವಸಂತದ ಮೊದಲ ರೋಡಿಯೊ ಪಂದ್ಯಕ್ಕೆ, ತನ್ನ ಕುದುರೆ ಬಿಸ್ಕೆಟ್ ಬೆನ್ನ ಮೇಲೆ ಶೆಲ್ಬಿ ಹೋಗುತ್ತಾಳೆ, ಊಹೂಂ ಅಂದರೆ ಅದೇ ಬಿಸ್ಕೆಟ್ ಮೇಲೆ ಜೊತೆಯ ಹುಡುಗಿ ಜೇಸಿ ಹೋಗುತ್ತಾಳೆ, ತಂಡದಲ್ಲಿ ಜಾಗ ಒಂದೇ, ಸಂಜೆಯೊಳಗೆ ಹೆಸರು ಕಳಿಸಬೇಕು, ಒಮ್ಮೆ ಕಳಿಸಿದ ಹೆಸರನ್ನು ಸೀಸನ್ ಮುಗಿಯುವವರೆಗೂ ಕೋಚ್ ಬದಲಾಯಿಸುವುದಿಲ್ಲ. ಒಂದರಿಂದ ಹತ್ತರೊಳಗೆ ನೋವು ಎಷ್ಟು, ಇದು ಇನೆಸ್ ಪ್ರತಿ ಸಲ ಕೇಳುವ ಪ್ರಶ್ನೆ, ಎರಡು, ಇದು ಪ್ರತಿ ಸಲದ ಉತ್ತರ. ನಿಮ್ಮ ಕಡೆ ಮಕ್ಕಳಿಗೆ ಎರಡರ ಮೇಲೆ ಎಣಿಸೋಕೇ ಕಲಿಸಲ್ವಾ ಅಂತ ಕೇಳಿದ್ದಳು ಒಮ್ಮೆ, ಶೆಲ್ಬಿ ನಕ್ಕಿದ್ದಳು, ಮಾತು ಮಾತ್ರ ನಿಜ, ಸ್ಯಾಂಡ್‌ಹಿಲ್ಸಿನ ಆ ಹುಲ್ಲುಗುಡ್ಡಗಳ ನಡುವೆ ಎರಡರ ಮೇಲೆ ಯಾರೂ ಹೋದದ್ದಿಲ್ಲ — ಹೋರಿಗೆ ಬೀಸಿದ ಹಗ್ಗವನ್ನು ಜೀನಿನ ಕೊಂಬಿಗೆ ಸುತ್ತುವಾಗ ಮರ್ಲ್ ಚಿಕ್ಕಪ್ಪನ ಹೆಬ್ಬೆರಳು ನಡುವೆ ಸಿಕ್ಕಿ ಹಾರಿಹೋಯಿತು, ನೋವು ಎಷ್ಟು ಅಂತ ನರ್ಸು ಕೇಳಿದರೆ ಎರಡು ಅಂದ, ಎರಡೇನಾ ಅಂದಳು ಆಕೆ, ಇನ್ನೂ ಒಂಬತ್ತು ಬೆರಳಿವೆಯಲ್ಲ ತಾಯಿ ಅಂದ, ಈಗಲೂ ಥ್ಯಾಂಕ್ಸ್‌ಗಿವಿಂಗ್ ಊಟದ ದಿನ ಟರ್ಕಿ ಕೋಳಿ ಕೊಯ್ಯುತ್ತಾ ಅದೇ ಕಥೆ, ಅದೇ ಜಾಗದಲ್ಲಿ ಅದೇ ನಗು. ಯಾರಾದರೂ ಮೂರು ಅಂದರೆ ಪಾದ್ರಿಗೆ ಹೇಳಿಕಳಿಸುವ ಜನ.

ಕಾಲು ಮುರಿದ ದಿನ, ಅಕ್ಟೋಬರಿನ ಆ ಅಖಾಡದಲ್ಲಿ ಮೇಲುಮಣ್ಣು ಹಿಟ್ಟಿನ ಹಾಗೆ ಸಡಿಲ, ಕೆಳಗೆ ಹೆಂಚಿನ ಹಾಗೆ ಗಟ್ಟಿ. ಬಿಸ್ಕೆಟ್‌ದು ಏನೂ ತಪ್ಪಿಲ್ಲ, ಅವಳು ಗೆರೆ ಎಳೆದ ಹಾಗೆ ನೇರ ಓಡಿದಳು, ಮೇಕೆಯ ಹತ್ತಿರ ಬರುತ್ತಲೇ ಯಾವಾಗಲೂ ಮಾಡುವ ಹಾಗೆ ಎಡಭುಜ ಒಂಚೂರು ಇಳಿಸಿದಳು, ಶೆಲ್ಬಿ ಅದಕ್ಕೆ ಕಾಯಬೇಕಿತ್ತು, ಕಾದಳೋ ಇಲ್ಲವೋ, ಬಲಗಾಲು ಜೀನಿನಾಚೆಯಿಂದ ಸುತ್ತಿ ಬಂದು ನೆಲ ಮುಟ್ಟಿತು, ಅದರ ಮೇಲೆ ಮೈ ಬಂತು, ಮೈಯ ಹಿಂದೆ ಕುದುರೆಯ ಓಟವೆಲ್ಲ ಬಂತು, ಒಣಕೊಂಬೆ ಮುರಿದ ಸದ್ದು, ಆಮೇಲೆ ಆಕಾಶ, ಆಮೇಲೆ ಮೇಕೆ. ಗೂಟದ ಹಗ್ಗ ಎಷ್ಟು ಬಿಟ್ಟಿತೋ ಅಷ್ಟು ಹತ್ತಿರ ಬಂತು ಅದು, ಕೆನ್ನೆಯ ಪಕ್ಕ ಬಿದ್ದಿದ್ದ ಬಿಳಿ ಹಗ್ಗವನ್ನು ಮೂಸಿತು, ತುದಿಯನ್ನು ಬಾಯಿಗೆ ಹಾಕಿಕೊಂಡಿತು. ಬಿದ್ದವರು ಎದ್ದು ತಮ್ಮ ಕಾಲಲ್ಲೇ ಹೊರಗೆ ನಡೆಯಬೇಕು, ಇದನ್ನು ಯಾರೂ ಎಲ್ಲೂ ಬರೆದಿಟ್ಟಿಲ್ಲ, ಟೋಪಿಯನ್ನು ಹಾಸಿಗೆಯ ಮೇಲೆ ಇಟ್ಟರೆ ಅಪಶಕುನ ಅನ್ನುವುದನ್ನೂ ಯಾರೂ ಬರೆದಿಟ್ಟಿಲ್ಲ, ಇಡುವವರು ಮಾತ್ರ ಯಾರೂ ಇಲ್ಲ. ಕೋಚ್ ಹ್ಯಾಲ್ವರ್ಸನ್ ಬೇಲಿ ಹಾರಿ ಓಡಿಬಂದರು, ನಡೀತೀಯೇನಮ್ಮಾ, ಪರವಾಗಿಲ್ಲ ಕೋಚ್, ತೋಳು ಕೊಟ್ಟರು, ಅವಳು ಹಿಡಿಯಲಿಲ್ಲ, ಧ್ವನಿವರ್ಧಕದಲ್ಲಿ ಯಾರೋ ಎದ್ದಳು ನೋಡಿ ನಮ್ಮ ಹುಡುಗಿ, ಎಲ್ರೂ ಒಂದ್ಸಲ ಜೋರಾಗಿ ಕೈ ತಟ್ಟಿ ಅಂದರು, ಜನ ತಟ್ಟಿದರು, ಅವಳು ಟೋಪಿ ಎತ್ತಿದಳು, ಗೇಟು ಎಂದೂ ಅಷ್ಟು ದೂರವಿರಲಿಲ್ಲ, ಒಂದೊಂದು ಹೆಜ್ಜೆಗೂ ಬೂಟಿನೊಳಗೆ ಜಲ್ಲಿ ಅರೆದ ಹಾಗೆ. ಡಾಕ್ಟರು ಎಕ್ಸ್‌ರೇ ಚಿತ್ರವನ್ನು ಬೆಳಕಿಗೆ ಹಿಡಿದು, ಮೊದಲು ಬರೀ ಬಿರುಕು ಬಿಟ್ಟಿತ್ತು ಅನ್ಸುತ್ತೆ, ಎತ್ಕೊಂಡು ಬಂದಿದ್ರೆ ಪಟ್ಟಿ ಹಾಕಿ ಮನೆಗೆ ಕಳಿಸ್ತಿದ್ದೆ, ನಡೆದದ್ದರಿಂದ ಮೂಳೆ ಜರುಗಿದೆ, ಈಗ ಕೊಯ್ದೇ ಕೂರಿಸಬೇಕು, ಯಾರು ನಿನ್ನನ್ನ ನಡೆಯೋಕೆ ಬಿಟ್ಟಿದ್ದು ಅಂತ ಕೇಳಿದರು, ಎಲ್ರೂ ಕೈ ತಟ್ಟುತ್ತಿದ್ರು ಡಾಕ್ಟ್ರೇ ಅಂದಳು, ಅದಕ್ಕಿಂತ ಸರಿಯಾದ ಉತ್ತರ ಅವಳಿಗೆ ಈಗಲೂ ಹೊಳೆದಿಲ್ಲ. ಅಪ್ಪ ಆ ವಿಡಿಯೊವನ್ನು ದನದ ಸಂತೆಯಲ್ಲಿ ಸಿಕ್ಕಿದವರಿಗೆಲ್ಲ ತೋರಿಸಿದ, ನೋಡ್ರೋ ನನ್ನ ಮಗಳು ಹೆಂಗೆ ನಡೆದಳು, ಅಪ್ಪ ತನ್ನ ಕಾಲದಲ್ಲಿ ಗೂಳಿಯ ಕೆಳಗಿಂದ ಎದ್ದು ನಡೆದು ಬಂದವನು, ಈಗ ಮನೆಯ ಮೆಟ್ಟಿಲನ್ನು ಕಂಬಿ ಹಿಡಿದು ಹಿಮ್ಮುಖವಾಗಿ ಇಳಿಯುತ್ತಾನೆ, ಬೆಳಗಿನ ಹೊತ್ತು ಮಂಡಿ ಮಡಚುವುದಿಲ್ಲ, ಮನೆಯಲ್ಲಿ ಅದನ್ನು ಯಾರೂ ನೋಡುವುದಿಲ್ಲ, ನೋಡದೇ ಇರುವುದು ಎಲ್ಲರಿಗೂ ರೂಢಿಯಾಗಿದೆ. ಅಮ್ಮ ಮಾತ್ರ ವಿಡಿಯೊ ಪೂರ್ತಿ ನೋಡಲಿಲ್ಲವಂತೆ, ಒಲೆ ಮೇಲೆ ಏನೋ ಇಟ್ಟಿದೀನಿ ಅಂತ ಎದ್ದು ಹೋದಳಂತೆ, ಒಲೆ ಮೇಲೆ ಏನೂ ಇರಲಿಲ್ಲ ಕಣಮ್ಮಾ ಅಂತ ಅಪ್ಪನೇ ಫೋನಿನಲ್ಲಿ ನಗುತ್ತಾ ಹೇಳಿದ.

ಹಾಸ್ಟೆಲಿನಲ್ಲಿ ಜೇಸಿಯದ್ದೂ ಶೆಲ್ಬಿಯ ಕೋಣೆಯೇ, ಎದುರು ಮಂಚ. ಊಟದ ಮನೆಯಲ್ಲಿ ಚಿಲಿ ಅನ್ನುವ ಮಾಂಸದ ಗೊಜ್ಜು ಮತ್ತು ದಾಲ್ಚಿನ್ನಿ ರೋಲ್ ಕೊಡುವ ದಿನ ಅವಳು ಎರಡೂ ತಟ್ಟೆ ತಾನೇ ಹೊತ್ತು ತರುತ್ತಿದ್ದಳು, ಮೇಜಿನ ಮೇಲಿಟ್ಟು ಶೆಲ್ಬಿಯ ರೋಲನ್ನು ಅರ್ಧಕ್ಕೆ ಮುರಿದು ತನ್ನ ಕಡೆ ಎಳೆದುಕೊಳ್ಳುತ್ತಿದ್ದಳು, ಇದು ಹೊರೆಕೂಲಿ ಕಣೇ, ಕಾಲು ಬೇಗ ವಾಸಿಯಾದ್ರೆ ನಿಂಗೇ ಲಾಭ, ಚಿಲಿಯ ಖಾರದಲ್ಲಿ ಅದ್ದಿದ ಸಿಹಿ ರೋಲನ್ನು ಬಾಯಲ್ಲಿ ತುಂಬಿಕೊಂಡೇ, ನಿನ್ನ ಕುದುರೆ ಇವತ್ತೂ ನನ್ನ ಬಿಟ್ಟು ಮುಂದೆ ಓಡ್ತು, ನೀನು ಅದಕ್ಕೆ ಏನು ಹೇಳ್ಕೊಟ್ಟಿದೀಯೋ, ನಾನಂದ್ರೆ ಲೆಕ್ಕಕ್ಕೇ ಇಲ್ಲ ಅದಕ್ಕೆ. ಎಡಭುಜದ ವಿಷಯ ಶೆಲ್ಬಿ ಹೇಳಿರಲಿಲ್ಲ. ಮರೆತಿರಲಿಲ್ಲ, ಹೇಳಿರಲಿಲ್ಲ. ಜೇಸಿ ದಿನಾ ಹೊತ್ತು ಹುಟ್ಟುವ ಮುಂಚೆ ಎದ್ದು ಚಳಿಗಾಳಿಯಲ್ಲಿ ಲಾಯಕ್ಕೆ ಹೋಗಿ ಬಿಸ್ಕೆಟ್‌ಗೆ ಹುಲ್ಲು ಹಾಕಿ, ಗೊರಸು ಕೆರೆದು, ಓಡಿಸಿ, ಬೆವರು ಒರೆಸಿ ಬರುತ್ತಿದ್ದಳು, ಅವಳ ಬೂಟಿನಿಂದ ಕೋಣೆಯೆಲ್ಲ ಬಿಸ್ಕೆಟ್ ವಾಸನೆ, ಆ ವಾಸನೆಯಲ್ಲಿ ಶೆಲ್ಬಿ ಹಾಸಿಗೆಯ ಮೇಲೆ ಕಾಲು ದಿಂಬಿನ ಮೇಲಿಟ್ಟು ಅಂತರ್ಯುದ್ಧದ ಕಾರಣಗಳನ್ನು ಓದುತ್ತಿದ್ದಳು, ಮತ್ತು ಹೇಳುತ್ತಿರಲಿಲ್ಲ. ಇವತ್ತು ಬೆಳಿಗ್ಗೆ ಜೇಸಿ ತರಗತಿಗೆ ಹೋದ ಮೇಲೆ ಅವಳೂ ಲಾಯಕ್ಕೆ ಹೋಗಿದ್ದಳು, ಹುಲ್ಲಿನ ಪಿಂಡಿಯ ಮೇಲೆ ಹತ್ತಿ ನಿಂತು, ಒಂದು ದಾರ ಹಲ್ಲಲ್ಲಿ ಕಚ್ಚಿಕೊಂಡು, ಬಲಗಾಲು ಮುಂದು ಮಾಡಿ ಇಳಿದಳು, ನಿಂತ ಪಿಂಡಿ ಅದು, ಓಡುವ ಕುದುರೆಯಲ್ಲ, ಆ ಕಾಲು ನೆನೆದ ರಟ್ಟಿನ ಹಾಗೆ ಮಡಚಿಕೊಂಡಿತು, ಅವಳು ಹುಲ್ಲಿನ ಮೇಲೆ ಕೂತುಬಿಟ್ಟಳು. ಯಾರೂ ನೋಡಲಿಲ್ಲ. ಬಿಸ್ಕೆಟ್ ತಿನ್ನುವುದನ್ನು ನಿಲ್ಲಿಸಿ ಕಿವಿ ಮುಂದೆ ಮಾಡಿದಳು, ಮತ್ತೆ ತಿನ್ನತೊಡಗಿದಳು. ದಾರ ಹಲ್ಲಿನಲ್ಲೇ ಇತ್ತು ಆಗ — ಹೌದು, ಇತ್ತು, ಬೆಳಿಗ್ಗೆ ಅದು ಬೀಳಲಿಲ್ಲ.

ಆ ಪೆಟ್ಟಿಗೆ ಮೇಲಿಂದ ಇಳಿ ನೋಡೋಣ ಅಂತಾಳೆ ಇನೆಸ್. ಮರದ ಪೆಟ್ಟಿಗೆ, ಪಿಂಡಿಯ ಅರ್ಧ ಎತ್ತರ, ಹರಡಿಗೆ ಬಿಗಿಯಾಗಿ ಪಟ್ಟಿ ಸುತ್ತಿದೆ, ಇಳಿಯುತ್ತಾಳೆ, ನಿಲ್ಲುತ್ತದೆ, ಇನ್ನೊಂದು ಸಲ, ನಿಲ್ಲುತ್ತದೆ, ಮುಖ ಅಲುಗುವುದಿಲ್ಲ, ಮುಖವನ್ನು ಅಲುಗದಂತೆ ಇಟ್ಟುಕೊಳ್ಳುವುದು ಮನೆಯಲ್ಲೇ ಕಲಿತ ವಿದ್ಯೆ. ಇನೆಸ್ ಸ್ಟೂಲು ಎಳೆದುಕೊಂಡು ಎದುರಿಗೆ ಕೂರುತ್ತಾಳೆ, ನೋಡು ಶೆಲ್ಬಿ, ಇಲ್ಲಿ ಮಾಡೋದೆಲ್ಲ ಮಾಡಿದೆ, ಒಪ್ಪಿದೆ, ಆದ್ರೆ ಈ ಪೆಟ್ಟಿಗೆ ಓಡಲ್ಲ, ನಿನ್ನ ಕುದುರೆ ಓಡುತ್ತೆ, ಕುದುರೆ ವಿಷಯ ನಂಗೆ ಗೊತ್ತಿಲ್ಲ, ಆ ಕೀಲಿನೊಳಗೆ ಏನಾಗ್ತಿದೆ ಅಂತ ನಿಂಗೆ ಮಾತ್ರ ಗೊತ್ತು, ಇನ್ನೊಂದು ಸಲ ಮುರಿದ್ರೆ ಡಾಕ್ಟರು ಅದನ್ನ ಬೆಸೆದುಬಿಡ್ತಾರೆ, ಬಾಗಿಲಿಗೆ ಮೊಳೆ ಹೊಡೆದ ಹಾಗೆ, ಆಮೇಲೆ ಬಾಗಲ್ಲ, ಅದಕ್ಕೇ ಕೊನೇ ಸಲ ಕೇಳ್ತೀನಿ, ನೀನು ಏನಂದ್ರೆ ಅದು, ಒಂದರಿಂದ ಹತ್ತರೊಳಗೆ ಎಷ್ಟು. ಎರಡು ಅನ್ನುವುದು ಹಲ್ಲಿನ ಹಿಂದೆ ಬಂದು ನಿಂತಿದೆ, ಅದನ್ನು ಹೇಳಲು ಏನೂ ಖರ್ಚಿಲ್ಲ, ಬಾಯಿ ಪೂರ್ತಿ ತೆರೆಯುವುದೂ ಬೇಡ, ಶನಿವಾರ, ಧ್ವನಿವರ್ಧಕ, ಅಪ್ಪ ಮುಂದಿನ ಸಾಲಿನಲ್ಲಿ ತನ್ನ ಮಡಚದ ಕಾಲನ್ನು ನೆಟ್ಟಗೆ ಚಾಚಿಕೊಂಡು ಕೂತಿರುತ್ತಾನೆ, ದಾರಿಗೆ ಅಡ್ಡವಾಗಿ, ಹೋಗಿಬರುವವರು ಅದನ್ನು ದಾಟಿಕೊಂಡು ಹೋಗುತ್ತಾರೆ — ಮೇಕೆ ಹಗ್ಗ ಅಗಿಯುತ್ತಿದೆ. ಹಗ್ಗ ಹಲ್ಲಿನಲ್ಲಿತ್ತು. ಕುದುರೆ ಎಗರಿದರೂ, ಗಾಳಿ ಮುಖಕ್ಕೆ ಹೊಡೆದರೂ, ಮಂಡಿಯೂರಿ ಬಿದ್ದರೂ ಇಷ್ಟು ವರ್ಷದಲ್ಲಿ ಅದು ಒಮ್ಮೆಯೂ ಬಿದ್ದದ್ದಿಲ್ಲ, ಹಾಗಾದರೆ ಅವತ್ತು ಕೆನ್ನೆಯ ಪಕ್ಕಕ್ಕೆ ಹೇಗೆ ಬಂತು, ನಾನು ಕೂಗಲೇ ಇಲ್ಲ ಅಂತ ಎಲ್ಲರಿಗೂ ಹೇಳಿದ್ದಾಳೆ, ಅಪ್ಪನಿಗೆ, ಕೋಚ್‌ಗೆ, ಜೇಸಿಗೆ, ವಿಡಿಯೊದಲ್ಲೂ ಕೇಳಿಸುವುದಿಲ್ಲ, ಜನರ ಗದ್ದಲ ಅಷ್ಟಿದೆ, ಆದರೆ ಕಚ್ಚಿ ಹಿಡಿದ ಹಗ್ಗ ಬೀಳಬೇಕಾದರೆ ಬಾಯಿ ತೆರೆಯಬೇಕು.

ಏಳು ಅಂದಳು ಶೆಲ್ಬಿ. ಇನೆಸ್ ಕೈಯಲ್ಲಿದ್ದ ಪಟ್ಟಿಯ ಸುರುಳಿಯನ್ನು ಮಡಿಲಿಗೆ ಇಳಿಸಿದಳು, ಏಳಾ, ಹೂಂ ಏಳು, ಬೆಳಿಗ್ಗೆ ಹುಲ್ಲಿನ ಪಿಂಡಿಯಿಂದ ಇಳಿದೆ, ನಿಲ್ಲಲಿಲ್ಲ. ಹಾಗಾದ್ರೆ ಶನಿವಾರ ಇಲ್ಲ. ಇಲ್ಲ. ಬೇಸಿಗೆವರೆಗೂ ಇಲ್ಲ ಶೆಲ್ಬಿ. ಗೊತ್ತು. ಇನೆಸ್ ಸಮಾಧಾನ ಹೇಳಲಿಲ್ಲ, ಅದಕ್ಕೆ ಶೆಲ್ಬಿ ಒಳಗೊಳಗೇ ಅವಳಿಗೆ ಋಣಿಯಾದಳು, ಕಾಲಿಗೆ ಐಸು ತರಲು ಇನೆಸ್ ಎದ್ದು ಹೋದಾಗ ಫೋನು ತೆಗೆದು ಜೇಸಿಗೆ ಬರೆದಳು, ನೀನೇ ಹೋಗ್ತಿರೋದು, ಕೋಚ್‌ಗೆ ಈಗ ಹೇಳ್ತೀನಿ, ಮೇಕೆ ಹತ್ರ ಬಂದಾಗ ಬಿಸ್ಕೆಟ್ ಎಡಭುಜ ಒಂಚೂರು ಇಳಿಸ್ತಾಳೆ, ಇಳಿಸೋವರೆಗೂ ಕಾಯಿ, ಇಳಿಸಿದ ಮೇಲೆ ಕಾಲು ತೆಗಿ, ಅದಕ್ಕೆ ಮುಂಚೆ ಬೇಡ. ಅತ್ತ ಕಡೆಯಿಂದ ಉತ್ತರ ಬಂತು, ಲೇ, ಇವತ್ತು ರೋಲ್ ಪೂರ್ತಿ ನಿಂದೇ. ಅದನ್ನು ಓದಿದಳು, ಕೋಚ್‌ಗೂ ಬರೆದಳು, ಫೋನನ್ನು ಮಗುಚಿಟ್ಟಳು. ಐಸು ಬಂತು, ಚರ್ಮಕ್ಕೆ ತಗುಲಿ ಚುರುಗುಟ್ಟಿತು, ಚುರುಗುಟ್ಟಿದ್ದು ನನ್ನ ಕಾಲು ಅನ್ನಿಸಿತು, ಸುಮ್ಮನೆ, ಮೈಮರೆತಾಗ ಅನ್ನಿಸುವ ಹಾಗೆ. ಹೋದದ್ದು ಈ ವಸಂತ, ತಂಡದ ಜಾಗ, ಬಿಸ್ಕೆಟ್‌ನ ಒಳ್ಳೆಯ ಓಟದ ಒಂದು ವರ್ಷ. ಉಳಿದದ್ದು ಬಾಗುವ ಒಂದು ಕೀಲು. ಅಪ್ಪನಿಗೆ ಏನು ಹೇಳುವುದು, ಏಳು ಅಂದರೆ ಅಪ್ಪ ನಗುತ್ತಾನೆ, ಅಮ್ಮ ಒಲೆಯ ಕಡೆ ಹೋಗುತ್ತಾಳೆ, ಅಥವಾ ಹೋಗದೆ ಅಲ್ಲೇ ನಿಂತಿರುತ್ತಾಳೆ — ಕೈ ತಟ್ಟುವ ಸದ್ದು ಎಲ್ಲೋ ದೂರ, ಮಣ್ಣಿನ ರುಚಿ, ತೆರೆದ ಬಾಯಿ, ಮೇಕೆ ಕತ್ತು ಚಾಚಿ ಇಷ್ಟು ಹತ್ತಿರ ಬಂದಿದೆ, ಅಡ್ಡ ಮಲಗಿದ ಕಪ್ಪು ಪಾಪೆ ಕದಲದೆ ಅವಳನ್ನೇ ನೋಡುತ್ತಿದೆ, ಅವಳ ಎಂಜಲಿನಲ್ಲಿ ಒದ್ದೆಯಾದ ಹಗ್ಗ ಅದರ ಬಾಯಿಂದ ಜೋತಾಡುತ್ತಿದೆ, ಮೇಕೆ ಅಗಿಯುತ್ತಿದೆ.